ಹೋದ ವಾರದ ಕೆಲಸ ಏನಾಯಿತು?

ನಮ್ಮ ಕಥೋಲಿಕ ಧರ್ಮಕೇಂದ್ರಗಳಿಗೆ, ಅಂದರೆ ಊರೂರಿನ ಚರ್ಚುಗಳಿಗೆ, ಯುವಜನರ ನೆನಪಾಗುವುದು ಹಬ್ಬ ಹತ್ತಿರ ಬಂದಾಗ. ತೇರಿಗೆ ಹೂ ಕಟ್ಟಬೇಕು, ಕ್ರಿಸ್ಮಸ್ಸಿಗೆ ಗೋದಲಿ ಕಟ್ಟಬೇಕು, ಸೀರಿಯಲ್ ಸೆಟ್ ಎಳೆಯಬೇಕು, ಊಟ ಬಡಿಸಬೇಕು. ಅದನ್ನೆಲ್ಲ ಅವರು ಪ್ರೀತಿಯಿಂದಲೇ ಮಾಡುತ್ತಾರೆ. ಹಬ್ಬ ಮುಗಿದ ಮೇಲೆ ಅವರ ಜೊತೆ ಕೂತು ಮಾತಾಡುವವರು ಮಾತ್ರ ಕಡಿಮೆ. ಪಿಯುಸಿ ಮುಗಿಸಿ ಬೆಂಗಳೂರಿನ ಪಿಜಿ ಸೇರಿದ ಹುಡುಗನಿಗೆ ಎರಡೇ ತಿಂಗಳಲ್ಲಿ ಚರ್ಚಿನ ಭಾನುವಾರದ ಪೂಜೆ ತಪ್ಪಿಹೋಗುವುದಕ್ಕೆ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. ವರ್ಷಕ್ಕೊಂದು ಮೂರು ದಿನದ ಶಿಬಿರಕ್ಕಿಂತ ವಾರಕ್ಕೊಮ್ಮೆ ಸೇರುವ ಚಿಕ್ಕ ಕೂಟ ಅವರನ್ನು ಹೆಚ್ಚು ಕಾಪಾಡುತ್ತದೆ.

ಕೂಟಕ್ಕೆ ಹಳೆಯ ದಾರಿಯೇ ಸಾಕು: ನೋಡು, ವಿಮರ್ಶಿಸು, ಮಾಡು. ಬೆಲ್ಜಿಯಮ್ಮಿನ ಪಾದ್ರಿ ಜೋಸೆಫ್ ಕಾರ್ಡೈನ್ ಕಾರ್ಖಾನೆಯ ಹುಡುಗ ಹುಡುಗಿಯರ ನಡುವೆ ಬೆಳೆಸಿದ ಕ್ರಮ ಇದು. ಅವರ ಯುವ ಕಾರ್ಮಿಕರ ಸಂಘಟನೆ ರೂಪು ತಳೆದದ್ದು 1925ರಲ್ಲಿ. 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ತಮ್ಮ ವಿಶ್ವಪತ್ರದಲ್ಲೇ ಈ ಮೂರು ಹೆಜ್ಜೆಗಳನ್ನು ಹೆಸರಿಸಿ ಒಪ್ಪಿದರು. ಶಾಲಾ ಮಕ್ಕಳ ವೈಸಿಎಸ್ (ಯುವ ವಿದ್ಯಾರ್ಥಿಗಳ ಕ್ರೈಸ್ತ ಸಂಘಟನೆ) ಕೂಟಗಳಿಗೂ ಇದೇ ಬೆನ್ನೆಲುಬು.

ಎಂಟರಿಂದ ಹತ್ತು ಜನ ಸಾಕು. ಹನ್ನೆರಡು ದಾಟಿದರೆ ಇಬ್ಬರು ಮೂವರು ಬಾಯಿ ಬಿಡುವುದೇ ಇಲ್ಲ. ಆಗ ಕೂಟವನ್ನು ಎರಡು ಮಾಡಿ. ಕುರ್ಚಿಗಳು ವೃತ್ತದಲ್ಲಿರಲಿ, ಮೇಜು ಬೇಡ, ಮೊಬೈಲುಗಳು ಒಂದು ಬುಟ್ಟಿಯಲ್ಲಿರಲಿ. ಸಮಯ ಒಟ್ಟು 90 ನಿಮಿಷ: ಹೋದ ವಾರ ಒಪ್ಪಿಕೊಂಡ ಕೆಲಸ ಏನಾಯಿತು ಎಂಬ ಲೆಕ್ಕಕ್ಕೆ 10, ನೋಡುವುದಕ್ಕೆ 25, ವಿಮರ್ಶೆಗೆ 25, ತೀರ್ಮಾನಕ್ಕೆ 20, ಪ್ರಾರ್ಥನೆಗೆ 10. ತಡವಾಗಿ ಬಂದವರಿಗಾಗಿ ಕಾಯಬೇಡಿ. ಒಂದು ಸಲ ಕಾದರೆ ಮುಂದಿನ ವಾರ ಎಲ್ಲರೂ ತಡವಾಗಿಯೇ ಬರುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೂಟದಲ್ಲಿ ಒಬ್ಬ ಭಾನುವಾರ ಊಟ ಡೆಲಿವರಿಗೆ ಹೋಗುತ್ತಾನೆ, ಪೂಜೆಗೆ ಬರಲಾಗುತ್ತಿಲ್ಲ.

'ನೋಡು' ಹಂತದಲ್ಲಿ ವಾಸ್ತವ ಮಾತ್ರ ಬರಬೇಕು. ಎಷ್ಟು ಗಂಟೆ ದುಡಿಯುತ್ತಾನೆ? ಪೆಟ್ರೋಲ್ ಕಳೆದು ಕೈಗೆ ಎಷ್ಟು ಉಳಿಯುತ್ತದೆ? ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಫೀಸಿಗೋ ಮನೆಗೋ? ಭಾನುವಾರವೇ ಯಾಕೆ? ಇದೇ ಪಾಡು ಇನ್ನೆಷ್ಟು ಜನರದು? ಇಲ್ಲಿ ಯಾರಾದರೊಬ್ಬರು "ದೇವರಿಗಿಂತ ದುಡ್ಡು ದೊಡ್ಡದಾ?" ಎಂದು ಕೇಳಿಯೇ ಕೇಳುತ್ತಾರೆ. ಆ ಮಾತು ಕೂಟವನ್ನೇ ಮುಗಿಸಿಬಿಡುತ್ತದೆ, ಆ ಹುಡುಗ ಮತ್ತೆ ಬಾಯಿ ತೆರೆಯುವುದಿಲ್ಲ. ಕೂಟ ನಡೆಸುವ ಅನಿಮೇಟರ್ ಮೆಲ್ಲಗೆ ತಡೆದು, "ಅದು ಆಮೇಲೆ, ಮೊದಲು ವಿಷಯ ಪೂರ್ತಿ ತಿಳ್ಕೊಳ್ಳೋಣ" ಎನ್ನಬೇಕು.

ವಿಮರ್ಶೆಗೆ ಬೈಬಲಿನ ಶುಭಸಂದೇಶದ ಒಂದೇ ಭಾಗ ಸಾಕು. ಈ ವಿಷಯಕ್ಕೆ ಮತ್ತಾಯ 20:1–16, ಸಂಜೆ ಬಂದವರಿಗೂ ಯಜಮಾನ ಇಡೀ ದಿನದ ಕೂಲಿ ಕೊಟ್ಟ ದ್ರಾಕ್ಷಿತೋಟದ ಕೂಲಿಯಾಳುಗಳ ಕಥೆ, ಚೆನ್ನಾಗಿ ಹೊಂದುತ್ತದೆ. ಇಬ್ಬರು ಬೇರೆ ಬೇರೆ ದನಿಯಲ್ಲಿ ಎರಡು ಸಲ ಓದಲಿ. ಎರಡರ ನಡುವೆ 2 ನಿಮಿಷ ಮೌನ. ಆಮೇಲೆ ಕೇಳಿ: ಸಂಜೆಯವರೆಗೂ ಕೆಲಸ ಸಿಗದೆ ನಿಂತವರು ಇವತ್ತು ಯಾರು? ಯಜಮಾನ ಅವರನ್ನು ಕಂಡ ಬಗೆ ನಮಗೇನು ಹೇಳುತ್ತದೆ? ಕೂಟ ಹೆಚ್ಚಾಗಿ ಕೆಡುವುದು ಇಲ್ಲೇ. ಫಾದರೋ ಸಿಸ್ಟರೋ ಅನಿಮೇಟರೋ 20 ನಿಮಿಷ ಪ್ರಬೋಧನೆ ಕೊಟ್ಟುಬಿಡುತ್ತಾರೆ. ಧರ್ಮಬೋಧೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪೋಪ್ ಫ್ರಾನ್ಸಿಸ್ 2019ರಲ್ಲಿ ಯುವಜನರಿಗೆ ಬರೆದ ಪತ್ರದಲ್ಲೂ ಈ ಎಚ್ಚರಿಕೆ ಇದೆ: ದೇವರ ಗಾಢ ಅನುಭವವಾದ ಯುವಕರಿಗೆ ಆಮೇಲೆ ಬರೀ ಉಪನ್ಯಾಸ ಬಡಿಸಿದರೆ ಬೇಸರ ಹುಟ್ಟಿ ಆ ಕಾವು ಆರುತ್ತದೆ. ಅನಿಮೇಟರ್ ಮಾತು ಒಟ್ಟು 10 ನಿಮಿಷ ಮೀರದಿರಲಿ. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಮನಸ್ಸಿನಲ್ಲೇ ಹದಿನೈದು ಎಣಿಸಿ. ಆ ಮೌನ ಹೆದರಿಸುತ್ತದೆ, ಆದರೂ ತಾಳಿಕೊಳ್ಳಬೇಕು.

ಇನ್ನು ತೀರ್ಮಾನ. "ಇನ್ನು ಮುಂದೆ ಎಲ್ಲರೂ ತಪ್ಪದೆ ಪೂಜೆಗೆ ಬರೋಣ" ಎಂಬುದನ್ನು ತೀರ್ಮಾನ ಎಂದು ಬರೆದುಕೊಳ್ಳಬೇಡಿ. ಯಾರು, ಏನು, ಯಾವ ದಿನದೊಳಗೆ, ಈ ಮೂರೂ ಇರಬೇಕು. ಒಂದೇ ವಾರದಲ್ಲಿ ಮುಗಿಯುವಂತಿರಬೇಕು. ಇಬ್ಬರು ಸುತ್ತಲಿನ ಚರ್ಚುಗಳ ಶನಿವಾರ ಸಂಜೆ ಮತ್ತು ಭಾನುವಾರ ಸಂಜೆಯ ಪೂಜೆಗಳ ಸಮಯ ಮತ್ತು ಭಾಷೆ ಪಟ್ಟಿ ಮಾಡಿ ಬುಧವಾರದೊಳಗೆ ಗ್ರೂಪಿಗೆ ಹಾಕಲಿ. ಧರ್ಮಸಭೆಯ ಕಾನೂನಿನ 1248ನೇ ನಿಯಮದ ಪ್ರಕಾರ ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕಟ್ಟಳೆ ಪೂರೈಸಿದಂತೆಯೇ. ಇದು ಗೊತ್ತಿಲ್ಲದೆ ಒದ್ದಾಡುವ ಮಕ್ಕಳು ಬಹಳ. ಕನ್ನಡದಲ್ಲೇ ಪ್ರಾರ್ಥಿಸುತ್ತ ಬೆಳೆದವರಿಗೆ ಹತ್ತಿರದಲ್ಲಿ ಕನ್ನಡ ಪೂಜೆ ಎಲ್ಲಿದೆ ಎಂದು ತಿಳಿಯುವುದೂ ದೊಡ್ಡ ಉಪಕಾರ. ಇನ್ನೊಬ್ಬರು ಡೆಲಿವರಿ ಹುಡುಗನ ಜೊತೆ ಶನಿವಾರ ಪೂಜೆಗೆ ಹೋಗಲಿ.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆದಿಡಿ. ಮುಂದಿನ ವಾರದ ಮೊದಲ ಪ್ರಶ್ನೆ: ಹೋದ ವಾರದ ಕೆಲಸ ಏನಾಯಿತು? ಮಾಡದಿದ್ದವರನ್ನು ಬೈಯಬಾರದು. ಏನು ಅಡ್ಡ ಬಂತು ಎಂದು ಕೇಳಿ; ಎಷ್ಟೋ ಸಲ ಅದೇ ಆ ದಿನದ ವಿಷಯವಾಗುತ್ತದೆ. ಈ 10 ನಿಮಿಷ ಬಿಟ್ಟ ಕೂಟಗಳು ಕೆಲವೇ ತಿಂಗಳಲ್ಲಿ ಹರಟೆಯ ಅಡ್ಡೆಯಾಗುತ್ತವೆ, ಅಥವಾ ಮುಚ್ಚಿಹೋಗುತ್ತವೆ.

ಹದಿನೆಂಟರ ಒಳಗಿನವರನ್ನೂ ಡಿಗ್ರಿಯವರನ್ನೂ ಒಂದೇ ಕೂಟದಲ್ಲಿ ಸೇರಿಸಬೇಡಿ. ಚಿಕ್ಕವರ ಕೂಟಕ್ಕೆ ಇಬ್ಬರು ದೊಡ್ಡವರು ಬೇಕು, ಬಾಗಿಲು ತೆರೆದಿರಬೇಕು, ಹೊರಗೆ ಕರೆದೊಯ್ಯುವಾಗ ತಂದೆತಾಯಿಯ ಸಹಿ ಬೇಕು. ಯಾವ ಮಗುವಿಗೂ ಖಾಸಗಿಯಾಗಿ ಮೆಸೇಜ್ ಮಾಡಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಫಾದರ್‌ಗೆ ಹೇಳಿ ಸುಮ್ಮನಾದರೆ ಸಾಲದು. ಮಕ್ಕಳ ಸಹಾಯವಾಣಿ 1098. ಯಾರಾದರೂ "ಬದುಕೋದೇ ಬೇಡ" ಅಂದರೆ ಅಂದಿನ ವಿಷಯವನ್ನು ಅಲ್ಲಿಗೇ ನಿಲ್ಲಿಸಿ, ಅವರನ್ನು ಒಬ್ಬರೇ ಮನೆಗೆ ಕಳಿಸಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಜೊತೆಯಲ್ಲೇ ಕೂತು ಕರೆ ಮಾಡಿ.

ಈಸ್ಟರಿಗೆ ಮುಂಚಿನ ತಪಸ್ಸುಕಾಲವೂ ಬೋರ್ಡ್ ಪರೀಕ್ಷೆಗಳೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಆಗ ಕೂಟವನ್ನು 30 ನಿಮಿಷಕ್ಕೆ ಇಳಿಸಿ, ಒಂದು ವಾಚನ, ಒಂದು ಪ್ರಾರ್ಥನೆ, ನಿಲ್ಲಿಸಬೇಡಿ. ಕ್ರಿಸ್ತರಾಜರ ಹಬ್ಬದ ದಿನ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳೆಲ್ಲ ಸೇರಿದ ಪ್ರದೇಶ) ಮಟ್ಟದ ಯುವ ದಿನಾಚರಣೆ ಇರುತ್ತದೆ, ಹೊಸಬರನ್ನು ಕರೆತರಲು ಒಳ್ಳೆಯ ಸಮಯ. ಕೊನೆಯ ವರ್ಷದವರು ಪರೀಕ್ಷೆ ಮುಗಿದೊಡನೆ ಊರು ಬಿಡುತ್ತಾರೆ. ಆದ್ದರಿಂದ ಜನವರಿಯಲ್ಲೇ ಎರಡನೇ ವರ್ಷದ ಇಬ್ಬರಿಗೆ ಕೂಟ ನಡೆಸಲು ಬಿಟ್ಟು, ಹಳಬರು ಸುಮ್ಮನೆ ಪಕ್ಕದಲ್ಲಿ ಕೂರಲಿ. ನೋಟ್‌ಬುಕ್ಕನ್ನೂ ಆಗಲೇ ಅವರ ಕೈಗೆ ಕೊಟ್ಟುಬಿಡಿ.