ಬನ್ನಿ ಗಿಡದ ಡಬ್ಬಿ

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮುಗಿದ ಮೇಲಿನ ಭಾನುವಾರ. ಬೆಳಿಗ್ಗೆ ಏಳೂವರೆಗೆ ವಿಜಯಪುರದ ಗಾಂಧಿ ಚೌಕದಲ್ಲಿ ಹನ್ನೊಂದು ಜನ ಸೇರಿದ್ದೆವು. ಏಳು ಮಂದಿ ಹೊಸಬರು, ಕಾಲೇಜಿನ ಹುಡುಗ ಹುಡುಗಿಯರು. ಚಳಿ ಚೆನ್ನಾಗಿತ್ತು. ಚಹಾ ಕುಡಿಯುತ್ತಲೇ ಅವರಿಗೆ ಆಟ ಹೇಳಿಕೊಟ್ಟೆ.

ಜಿಯೋಕ್ಯಾಶಿಂಗ್ ಅಂದರೆ ಇಷ್ಟೇ. ಯಾರೋ ಒಂದು ಡಬ್ಬಿಯನ್ನು ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆಪ್‌ನಲ್ಲಿ ಹಾಕಿರುತ್ತಾರೆ. ನಾವು ಫೋನ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗಿನ ಸಣ್ಣ ಸಾಮಾನು ಏನಾದರೂ ತಗೊಂಡರೆ, ಅಷ್ಟೇ ಬೆಲೆಯದು ಇನ್ನೊಂದು ಇಡಬೇಕು.

"ಅಕ್ಕಾ, ಕ್ಯಾಶ್ ಅಂದ್ರ ರೊಕ್ಕ ಏನ್ರಿ?" ಒಬ್ಬ ಹುಡುಗ ಕೇಳಿದ. ಹೊಸಬರಲ್ಲಿ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. ಇಲ್ಲಿ ಕ್ಯಾಶ್ ಅಂದರೆ ರೊಕ್ಕ ಅಲ್ಲ, ಅಡಗಿಸಿಟ್ಟ ವಸ್ತು; ಇಂಗ್ಲಿಷಿನಲ್ಲಿ ಅದು ಬೇರೆಯೇ ಪದ. ಅದಕ್ಕೇ ನಾವು ಡಬ್ಬಿ ಅಂತಲೇ ಕರೆಯುತ್ತೇವೆ. ಶುರುವಿನಲ್ಲಿ ನಾನು ಹಂಚಿದ ಪೋಸ್ಟರ್‌ನಲ್ಲಿ 'ನಿಧಿ ಹುಡುಕಾಟ' ಅಂತ ಬರೆದಿದ್ದೆ. ಅದು ದೊಡ್ಡ ತಪ್ಪಾಗಿತ್ತು. ನಮ್ಮ ಕಡೆ ನಿಧಿ ಅಂದರೆ ಅಮಾವಾಸ್ಯೆ ರಾತ್ರಿ ಹಳೇ ಗುಡಿ, ಕೋಟೆ ಅಗೆಯುವವರು ನೆನಪಾಗುತ್ತಾರೆ. ನಮ್ಮ ಆಟದಲ್ಲಿ ನೆಲ ಅಗೆದು ಡಬ್ಬಿ ಹೂಳುವ ಹಾಗೇ ಇಲ್ಲ. ಒಂದು ತಪ್ಪು ಮಾತು ಸಾಕು, ಊರಿನವರ ಕಣ್ಣಿಗೆ ನಾವೂ ಕಳ್ಳರೇ.

ಇನ್ನೊಬ್ಬಳು, ಗೋಲಗುಮ್ಮಟದಲ್ಲೇ ಇಟ್ಟರೆ ಎಷ್ಟು ಜನ ಬರ್ತಾರಲ್ವಾ ಅಂದಳು. ಆಸೆ ನನಗೂ ಇದೆ. ಆದರೆ ಅದು ಪುರಾತತ್ವ ಇಲಾಖೆ ಕಾಯುವ ಜಾಗ. ಕಲ್ಲಿನ ಸಂದಿಯಲ್ಲಿ ಯಾರದೋ ಡಬ್ಬಿ ಕಂಡರೆ ಪೊಲೀಸರು ಬಾಂಬ್ ಅಂದುಕೊಂಡರೂ ತಪ್ಪಲ್ಲ. ಹುಡುಕುವವರು ಸಂದಿ ಸಂದಿಗೂ ಬೆರಳು ಹಾಕಿ ನಾಲ್ಕು ನೂರು ವರ್ಷದ ಗಾರೆ ಉದುರಿಸುತ್ತಾರೆ. ಮೆಟ್ಟಿಲು, ಕಮಾನು ಎಣಿಸಿ ಉತ್ತರ ಕಂಡುಕೊಂಡು, ಆ ಅಂಕಿಯಿಂದ ಬೇರೆ ಕಡೆ ಇರುವ ಡಬ್ಬಿಗೆ ಹೋಗುವ ಹಾಗೆ ಆಟ ಕಟ್ಟಬಹುದು. ಸ್ಮಾರಕ ಮುಟ್ಟದೆ ಅದನ್ನು ತೋರಿಸಿದ ಹಾಗಾಯಿತು. ನನಗೆ ಆ ದಾರಿಯೇ ಇಷ್ಟ.

ತೊರವಿ ಕಡೆ ಗಾಡಿ ಬಿಟ್ಟೆವು. ರಸ್ತೆಯಿಂದ ಒಳಗೆ ಎರಿ ಹೊಲದ ಬದುವಿನ ಮೇಲೆ ಒಂದು ಬನ್ನಿ ಗಿಡ. ಅದರ ಬೇರಿನ ಪೊಟರೆಯಲ್ಲಿ ಮಳೆಗಾಲ ಮುಗಿದ ಮೇಲೆ ಡಬ್ಬಿ ಇಟ್ಟಿದ್ದೆ. ಹೊಲದ ಕಾಕಾನ ಒಪ್ಪಿಗೆ ತಗೊಂಡೇ ಇಟ್ಟಿದ್ದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಮಣ್ಣಿನ ಬಣ್ಣ. ಒಳಗೆ ನೋಟ್‌ಬುಕ್, ಪೆನ್ಸಿಲ್, ನಾಲ್ಕು ಗೋಲಿ, ಒಂದು ಬುಗುರಿ, ಒಂದು ಕೀಚೈನ್.

ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಆಮೇಲಿನದು ಕಣ್ಣಿನ ಕೆಲಸ. ಹುಡುಗರು ಗಿಡ ಸುತ್ತಿದರು, ಕಲ್ಲು ಎತ್ತಿದರು, ಬಗ್ಗಿ ನೋಡಿದರು. ಅರ್ಧ ಗಂಟೆ ಆಯಿತು. ಕೊನೆಗೆ ನಾನೇ ಪೊಟರೆಗೆ ಕೈ ಹಾಕಿದೆ. ಖಾಲಿ.

ಆಗ ಕೆಳಗೆ ನೋಡಿದೆ. ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅರಿಶಿನ ಕುಂಕುಮ, ಒಣಗಿದ ಸೇವಂತಿ. ಎಳ್ಳಮಾಸಿಯ ದಿನ ಪಾಂಡವರ ಪೂಜೆ ಮಾಡಿ, ಹೊಲಕ್ಕೆಲ್ಲ ಎಡೆಯ ಅಡುಗೆಯನ್ನು ಚರಗ ಚೆಲ್ಲಿದ್ದಾರೆ. ವರ್ಷಾ ವರ್ಷಾ ಪಾಂಡವರು ಕೂರುವ ಜಾಗ ಅದು. ನಾನು ಉತಾರದಲ್ಲಿ, ಅಂದರೆ ಹೊಲದ ಕಾಗದಪತ್ರದಲ್ಲಿ, ಹೆಸರು ಇದ್ದವರನ್ನು ಕೇಳಿದ್ದೆ. ಆ ಗಿಡಕ್ಕೆ ಕೈ ಮುಗಿಯುವವರನ್ನು ಕೇಳಿರಲಿಲ್ಲ. ಹೊಟ್ಟೆಯಲ್ಲಿ ಕಸಿವಿಸಿ ಆಯಿತು.

ಹೊಲದ ಮನೆಯ ಕಡೆ ನಡೆದೆವು. ಕಟ್ಟೆ ಮೇಲೆ ಕಾಕಾನ ಅವ್ವ, ಎಲ್ಲರಿಗೂ ಆಯಿ, ತೊಗರಿ ಹಸನು ಮಾಡುತ್ತಾ ಕೂತಿದ್ದರು.

"ನೀನಾ ಏನವ್ವಾ, ಆ ಡಬ್ಬಿ ಇಟ್ಟಾಕಿ?"

ಹೂಂ ಅಂದೆ. ಆಯಿ ಮೊರ ಕೆಳಗಿಟ್ಟರು. ಪೂಜೆ ದಿನ ಸೊಸೆ ಪೊಟರೆಯಲ್ಲಿ ಡಬ್ಬಿ ನೋಡಿ ಹೌಹಾರಿದ್ದಳಂತೆ. ಅಮಾವಾಸ್ಯೆ, ಬನ್ನಿ ಗಿಡ, ಮುಚ್ಚಿದ ಡಬ್ಬಿ. ಯಾರೋ ಮಾಟ ಮಾಡಿಸಿದ್ದಾರೆ, ಸುಟ್ಟುಬಿಡೋಣ ಅಂತ ನೆರೆಹೊಲದವರೂ ಸೇರಿದರಂತೆ. ಕಾಕಾ ಅವತ್ತು ಊರಲ್ಲಿರಲಿಲ್ಲ. "ಒಳಗ ಚೀಟಿ ಇತ್ತು, ಖರೇ. ಎಲ್ಲಾ ಇಂಗ್ಲಿಷು. ಯಾರಿಗೆ ಓದಾಕ ಬರ್ತೈತಿ?"

ಆ ಚೀಟಿ ಬರೆದವಳು ನಾನೇ. ಇದೊಂದು ಆಟ, ದಯವಿಟ್ಟು ಇಲ್ಲೇ ಇಡಿ ಅಂತ. ಅದನ್ನು ಯಾರು ಓದಬೇಕಿತ್ತೋ ಅವರ ಭಾಷೆಯಲ್ಲಿ ಬರೆದಿರಲಿಲ್ಲ.

"ನಾ ತಗದು ನೋಡಿದ್ನಿ. ಗೋಲಿ, ಬುಗುರಿ. ಕೂಸಿನ ಸಾಮಾನಾಗ ಎಂಥಾ ಮಾಟವ್ವಾ?" ಅಂದವರೇ ಒಳಗೆ ಹೋಗಿ, ಮಾಡದಲ್ಲಿಟ್ಟಿದ್ದ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು. ಮುಚ್ಚಳದ ಮೇಲೆ ಕುಂಕುಮದ ಬೊಟ್ಟು. ತೆಗೆದರೆ ಗೋಲಿಗಳ ಪಕ್ಕ ಅರ್ಧ ಶೇಂಗಾ ಹೋಳಿಗೆ, ಅದರ ತುಂಬ ಸಣ್ಣ ಕೆಂಪಿರುವೆ. ಪಾಂಡವರಿಗೆ ಎಡೆ ಹಿಡಿದ ಮೇಲೆ ಇದಕ್ಕೂ ಒಂದು ತುತ್ತು ಇಟ್ಟಿದ್ದರು.

ಆಯಿಗೆ ಹೇಗೆ ಹೇಳಲಿ? ಡಬ್ಬಿಯಲ್ಲಿ ತಿನ್ನುವ ಪದಾರ್ಥ ಇಡಬಾರದು, ಇರುವೆ, ಇಲಿ, ನಾಯಿ ಬಂದು ಕೆಡಿಸುತ್ತವೆ. ಕಟ್ಟೆ ಮೇಲೆ ಕೂತು ನಿಧಾನಕ್ಕೆ ಎಲ್ಲ ಹೇಳಿದೆ. 2000ದ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ನಲ್ಲಿ ಬೇಕಂತಲೇ ಇಟ್ಟಿದ್ದ ತಪ್ಪು ತೆಗೆದಿದ್ದು, ಮೇ 3ಕ್ಕೆ ಓರೆಗಾನ್‌ನಲ್ಲಿ ಡೇವ್ ಉಲ್ಮರ್ ಅನ್ನುವವರು ಮೊದಲ ಬಕೆಟ್ ಇಟ್ಟಿದ್ದು, ಅದರಲ್ಲೂ ತಿನ್ನುವ ಬೀನ್ಸ್ ಡಬ್ಬಿ ಒಂದು ಇದ್ದಿದ್ದು. "ಹಂಗಾರ ಅವ್ರೂ ಎಡಿ ಹಿಡದಾರ ಬಿಡು" ಅಂದರು ಆಯಿ. ಹುಡುಗರು ನಕ್ಕರು. ನನಗೆ ಕಣ್ಣು ತುಂಬಿ ಬಂತು.

ಜಾಗ ಬದಲಿಸಬೇಕು ಅಂತ ಅಲ್ಲೇ ಮಾತಾಯಿತು. 161 ಮೀಟರ್ ಒಳಗೆ ಸರಿಸುವುದಾದರೆ ಆಪ್‌ನಲ್ಲಿ ನಾವೇ ಹೊಸ ಅಂಕಿ ಹಾಕಬಹುದು, ಇಡೀ ಡಬ್ಬಿ ರದ್ದು ಮಾಡಬೇಕಿಲ್ಲ. ಎಲ್ಲಿಡೋದು ಅಂತ ಈ ಸಲ ಆಯಿಯನ್ನೇ ಕೇಳಿದೆ. ಕೋಲೂರಿಕೊಂಡು ತಾವೇ ಮುಂದೆ ನಡೆದರು. ನೂರು ಹೆಜ್ಜೆ ಆಚೆ, ಹಳೇ ಬಾವಿಯ ದಾರಿಯಲ್ಲಿ, ಯಾರೂ ಪೂಜೆ ಮಾಡದ ಒಂದು ಜಾಗ ತೋರಿಸಿದರು. ಎಲ್ಲಿ ಅಂತ ನಾನು ಬರೆಯುವ ಹಾಗಿಲ್ಲ. ಹೋಗಿ ಹುಡುಕಿ.

ಹುಡುಗಿಯೊಬ್ಬಳು ಕೂತು ಕನ್ನಡದಲ್ಲಿ ಹೊಸ ಚೀಟಿ ಬರೆದಳು, ದೊಡ್ಡ ಅಕ್ಷರದಲ್ಲಿ. ಸೊಸೆಯೂ ಬಂದು ಓದಿ ನೋಡಿ, "ಹೊಲದವರ ಒಪ್ಪಿಗಿ ಐತಿ ಅಂತನೂ ಬರೀವಾ" ಅಂದರು. ಬರೆದೆವು. ಪುಸ್ತಕದಲ್ಲಿ ಹನ್ನೊಂದು ಹೆಸರಿನ ಮೇಲೆ ಮೊದಲು ಆಯಿಯ ಹೆಸರು ಬರೆಸಿದೆ, ಅವರಲ್ಲವೇ ಮೊದಲು ತೆಗೆದು ನೋಡಿದ್ದು? ಹೆಬ್ಬೆಟ್ಟಿಗೆ ಶಾಯಿ ಇರಲಿಲ್ಲ. ಮುಚ್ಚಳದ ಕುಂಕುಮವನ್ನೇ ಒಂದಿಷ್ಟು ಬೆರಳಿಗೆ ಹಚ್ಚಿ ಒತ್ತಿದರು. ಹೋಳಿಗೆಯ ಜಾಗಕ್ಕೆ ತಮ್ಮ ಟ್ರಂಕಿನಿಂದ ಒಂದು ಹಸಿರು ಗಾಜಿನ ಬಳೆ ತಂದು ಹಾಕಿದರು.

ಈಗ ಭಾನುವಾರ ಸಂಜೆ ಕಾಕಾನ ಫೋನಿನಿಂದ ಕರೆ ಬರುತ್ತದೆ. ಯಾರ್ಯಾರು ಬಂದಿದ್ದರು, ಏನು ಬರೆದರು, ಎಲ್ಲ ಹೇಳಬೇಕು. ಹೋದ ವಾರ ಹುಬ್ಬಳ್ಳಿಯಿಂದ ಇಬ್ಬರು ಬಂದು ಹೋದರು ಅಂದೆ.

"ಅದಿರ್ಲಿ," ಅಂದರು ಆಯಿ, "ಬಳಿ ಯಾರು ಒಯ್ದರು?"