ವರ್ಷ ಓಡಿದ್ದೇ ಗೊತ್ತಾಗಲಿಲ್ಲ

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ಫಾಸ್ಟ್ ಲೋಕಲ್ ರೈಲು ಹಿಡಿದರೂ ಒಂದು ಗಂಟೆಯಾದರೂ ಬೇಕು. ಈ ವರ್ಷ ನನಗೆ ಅಂತ ಸಿಕ್ಕಿದ್ದು ಆ ಹೊತ್ತು ಮಾತ್ರ. ಮೊದಮೊದಲು ಅಲ್ಲೂ ಆಫೀಸಿನ ಮೇಲ್ ನೋಡುತ್ತಿದ್ದೆ. ಆಮೇಲೆ ಬಿಟ್ಟೆ. ದಾದರ್ ಬರುವವರೆಗೆ ಕೈ ಎತ್ತಲೂ ಜಾಗ ಇರಲ್ಲ, ಇನ್ನು ಮೇಲ್ ಎಲ್ಲಿಂದ!

ಕೆಲಸದಲ್ಲಿ ಕಲಿತದ್ದು ಇಷ್ಟೇ: "ನಾಳೆ ಕೊಟ್ಟರೆ ಆಗುತ್ತಾ?" ಅಂತ ಸುಮ್ನೆ ಕೇಳಿ ನೋಡಬೇಕು. ಅರ್ಜೆಂಟ್ ಅಂದವರೇ ಎಷ್ಟೋ ಸಲ ಹೂಂ ಅನ್ನುತ್ತಾರೆ.

ಕುಂದಾಪುರದ ಅಮ್ಮನಿಗೆ ರಾತ್ರಿ ಫೋನ್ ಮಾಡಿದರೆ "ಉಂಡ್ಯಾ?" ಅಂತ ಕೇಳಿ ಇಟ್ಟುಬಿಡುತ್ತಾರೆ. ಬೆಳಿಗ್ಗೆ ಮಾಡಿದರೆ ಇಡೀ ಊರಿನ ಸುದ್ದಿ ಸಿಗುತ್ತದೆ, ಮೀನಿನ ರೇಟಿನ ಸಮೇತ. ಹಾಗಾಗಿ ಈಗ ಬೆಳಿಗ್ಗೆಯೇ.

ಭಾನುವಾರ ಮಾಟುಂಗಾದ ಉಡುಪಿ ಹೋಟೆಲಿಗೆ ಹೋಗುವಾಗ ಫೋನ್ ಮನೆಯಲ್ಲೇ ಇರುತ್ತದೆ. ನಮ್ಮ ಬಾಸ್‌ಗೆ ಕನ್ನಡ ಬರಲ್ಲ, ಅದಕ್ಕೇ ಧೈರ್ಯವಾಗಿ ಬರೆದಿದ್ದೇನೆ.