ಹಾಲೇ ಕುಡಿಯದವಳಿಗೆ ಹಸುವಿನ ಕಾನೂನು ಯಾಕೆ?

ಸಾಕುಪ್ರಾಣಿಗಳ ನೋವು ಕಡಿಮೆ ಮಾಡುವ ಕಾನೂನು ಬೇಕು ಅನ್ನುವವಳು ನಾನು. ಹಾಗಾಗಿ ಈ ಪ್ರಶ್ನೆಯನ್ನು ನನಗೆ ಎರಡು ಕಡೆಯವರು ಕೇಳುತ್ತಾರೆ. ಒಬ್ಬರು ಮಂಡ್ಯದ ಕಡೆ ಇರುವ ನಮ್ಮ ಚಿಕ್ಕಪ್ಪ. ನಾಲ್ಕು ಸೀಮೆಹಸು ಕಟ್ಟಿಕೊಂಡು ಎರಡು ಹೊತ್ತೂ ಊರ ಡೇರಿಗೆ ಹಾಲು ಹಾಕುವವರು. "ಹಾಲೇ ಕುಡ್ಯಕಿಲ್ಲ ಅಂತೀಯ, ಹಸಿನ ಕಾನೂನು ಕಟ್ಕಂಡು ನಿಂಗೇನವ್ವ ಆಗ್ಬೇಕು?" ಅನ್ನುತ್ತಾರೆ.

ಇನ್ನೊಬ್ಬಳು ಮೈಸೂರಿನ ಗೆಳತಿ. ನನ್ನ ಹಾಗೆಯೇ ವೀಗನ್. ಮಾಂಸ, ಮೊಟ್ಟೆ ಅಷ್ಟೇ ಅಲ್ಲ, ಹಾಲು, ತುಪ್ಪ, ಜೇನು, ರೇಷ್ಮೆಯನ್ನೂ ಬಿಟ್ಟವಳು. (ಮೈಸೂರು ಪಾಕು, ಮೈಸೂರು ರೇಷ್ಮೆ ಎರಡನ್ನೂ ಬಿಟ್ಟು ಮೈಸೂರಿನ ಮದುವೆಗೆ ಹೋಗುವ ಪಾಡನ್ನು ಇನ್ನೊಂದು ದಿನ ಬರೆಯುತ್ತೇನೆ.) ಅವಳ ಸಿಟ್ಟು ಬೇರೆ ಥರ: "ಪಂಜರ ದೊಡ್ಡದು ಮಾಡಿ ಅಂತ ಕೇಳೋದು ಅಂದ್ರೆ ಪಂಜರ ಇರಲಿ ಅಂತ ಒಪ್ಪಿಕೊಂಡ ಹಾಗೆ ಅಲ್ವಾ?"

ಈ ಜಗಳ ನಮ್ಮಿಬ್ಬರದ್ದೇ ಅಲ್ಲ. ಅಮೆರಿಕದ ಕಾನೂನು ಪ್ರಾಧ್ಯಾಪಕ ಗ್ಯಾರಿ ಫ್ರಾನ್ಸಿಯೋನ್ ಎಷ್ಟೋ ವರ್ಷಗಳಿಂದ ಅವಳ ಮಾತನ್ನೇ ಹೇಳುತ್ತಿದ್ದಾರೆ. ಪ್ರಾಣಿ ಮನುಷ್ಯನ ಆಸ್ತಿಯಾಗಿರುವ ತನಕ ಇಂಥ ಕಾನೂನುಗಳಿಂದ ನೆಮ್ಮದಿ ಸಿಗೋದು ತಿನ್ನುವವರಿಗೆ, ಪ್ರಾಣಿಗಲ್ಲ ಅನ್ನೋದು ಅವರ ವಾದ. ತತ್ವಶಾಸ್ತ್ರದ ಪೀಟರ್ ಸಿಂಗರ್ ನನ್ನ ಕಡೆ: ನೋವು ಒಂದಿಷ್ಟು ಕಡಿಮೆಯಾದರೂ ಅದು ಲೆಕ್ಕಕ್ಕೆ ಬರುತ್ತದೆ.

ಗೆಳತಿ ಯಾವಾಗಲೂ ಯುರೋಪಿಯನ್ ಒಕ್ಕೂಟವನ್ನು ತೋರಿಸುತ್ತಾಳೆ. 2012ರಿಂದ ಅಲ್ಲಿ ಮೊಟ್ಟೆ ಕೋಳಿಗಳನ್ನು ಬರೀ ತಂತಿ ಪಂಜರದಲ್ಲಿ ಇಡುವಂತಿಲ್ಲ. ಆದರೆ ಕೂರೋಕೆ ಒಂದು ಕೋಲು, ಮೊಟ್ಟೆ ಇಡೋಕೆ ಒಂದು ಮೂಲೆ ಕೊಟ್ಟು ಕೊಂಚ ಹಿಗ್ಗಿಸಿದರೆ ಪಂಜರ ನಡೆಯುತ್ತದೆ. ಒಂದು ಕೋಳಿಗೆ 750 ಚದರ ಸೆಂಟಿಮೀಟರ್. "ಒಂದು ಎ4 ಹಾಳೆ, ಮೇಲೊಂದು ಪೋಸ್ಟ್‌ಕಾರ್ಡು, ಅಷ್ಟೇ ನಿಮ್ಮ ಕರುಣೆ" ಅಂತ ಅಣಕಿಸುತ್ತಾಳೆ. ನಾನೂ ಸ್ಕೇಲ್ ಹಿಡಿದು ಲೆಕ್ಕ ಹಾಕಿದೆ. ಸರಿಯಾಗಿಯೇ ಹೇಳಿದ್ದಾಳೆ.

ಆದರೆ ನಮ್ಮ ಕಡೆಯ ಕೋಳಿ ಫಾರಂ ಪಂಜರಗಳಲ್ಲಿ ಸಾಮಾನ್ಯವಾಗಿ ಆ ಎ4 ಹಾಳೆಯಷ್ಟು ಜಾಗವೂ ಇರುವುದಿಲ್ಲ. ಆ ಕೋಳಿಗೆ ಪೋಸ್ಟ್‌ಕಾರ್ಡಿನಷ್ಟು ಜಾಗ ಸುಮ್ನೆ ಅಲ್ಲ. ಅದನ್ನು ಬೇಡ ಅನ್ನೋಕೆ ಒಳಗಿರುವವಳು ನಾನಲ್ಲ. ಅದಕ್ಕೇ ಪಂಜರ ದೊಡ್ಡದು ಮಾಡಿ ಅನ್ನೋ ಅರ್ಜಿ ಬಂದರೆ ಸಹಿ ಹಾಕುತ್ತೇನೆ. ಪಂಜರ ಬಿಟ್ಟ ಕೋಳಿಯ ಮೊಟ್ಟೆ ಒಳ್ಳೆಯದು, ತಿನ್ನಿ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ.

ನಮ್ಮ ದೇಶದಲ್ಲಿ ಕಾನೂನೇ ಇಲ್ಲ ಅಂತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಓಡಾಡಲು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿ ಇಡುವುದು ತಪ್ಪು ಅನ್ನುತ್ತದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಆ ದುಡ್ಡಿಗೆ ಈಗ ಮೈಸೂರಿನಲ್ಲಿ ಒಂದು ಎಳನೀರು ಸಿಗೋದೂ ಕಷ್ಟ. ಅದೇ ಸೆಕ್ಷನ್ ಕೊನೆಗೆ, ನಿಯಮದಂತೆ ಮಾಡಿದರೆ ಮೂಗುದಾರ ಹಾಕುವುದು, ಬೀಜ ಒಡೆಯುವುದು, ಬರೆ ಹಾಕುವುದು ಯಾವುದೂ ಹಿಂಸೆಯಲ್ಲ ಅಂತಲೂ ಹೇಳುತ್ತದೆ. ಈ ಸಾಲು ಬಂದಾಗ ಗೆಳತಿ ನನ್ನ ಮುಖ ನೋಡುತ್ತಾಳೆ. ನಾನು ಸುಮ್ಮನಿರುತ್ತೇನೆ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಚಿಕ್ಕಪ್ಪನ ಕೊಟ್ಟಿಗೆ. ಮೊದಲು ನಾಟಿ ತಳಿಯ ಹಳ್ಳಿಕಾರ್ ಹಸು ಗಂಡುಕರು ಹಾಕಿದರೆ ಮನೆಯಲ್ಲಿ ಹಬ್ಬ. ನೇಗಿಲಿಗೆ, ಗಾಡಿಗೆ ಜೋಡಿ ಆಗುತ್ತಿತ್ತು. ಈಗಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ಸೀಮೆ ತಳಿ) ಹಸುವಿನ ಗಂಡುಕರುವನ್ನು ಯಾರೂ ಉಳುಮೆಗೆ ಕೇಳುವುದಿಲ್ಲ. ಉಳೋದಕ್ಕೆ ಟ್ರ್ಯಾಕ್ಟರ್ ಇದೆ. ಅದು ಕುಡಿಯುವ ಒಂದೊಂದು ಲೀಟರ್ ಹಾಲೂ ಡೇರಿಯ ಲೆಕ್ಕದಲ್ಲಿ ಖೋತಾ. ಮೊದಲೆಲ್ಲ ದಳ್ಳಾಳಿ ಬಂದು ಹಿಡಿದುಕೊಂಡು ಹೋಗುತ್ತಿದ್ದ. ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತು, ಯಾರೂ ಕೇಳುತ್ತಿರಲಿಲ್ಲ.

2021ರಲ್ಲಿ ಕರ್ನಾಟಕದ ಹೊಸ ಗೋಹತ್ಯೆ ನಿಷೇಧ ಕಾನೂನು ಬಂತು. ಹಸು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. ಮುಖ್ಯ ವಿನಾಯಿತಿ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ. ನಾನು ಖುಷಿಪಟ್ಟೆ. ಆ ಖುಷಿ ಮುಂದಿನ ಸಲ ಊರಿಗೆ ಹೋಗುವ ತನಕ ಇತ್ತು. ದಳ್ಳಾಳಿ ಬರೋದು ನಿಂತಿತ್ತು, ಗಂಡುಕರು ಹುಟ್ಟೋದು ನಿಂತಿರಲಿಲ್ಲ. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕಲ್ಲ. ಪಕ್ಕದ ಬೀದಿಯ ಒಂದು ಕರು ರಾತ್ರೋರಾತ್ರಿ ಊರಾಚೆ ನಾಲೆ ಏರಿಯ ಮೇಲೆ ನಿಂತಿತ್ತು. ಕೊರಳಲ್ಲಿ ಹಗ್ಗ ಕೂಡ ಇರಲಿಲ್ಲ. ಕಡಿಯಬೇಡಿ ಅಂದ ಕಾನೂನು, ಕೊಟ್ಟಿಗೆಯಲ್ಲೇ ಉಳಿದ ಗಂಡುಕರುವಿನ ಬೂಸಾ, ಹಿಂಡಿಯ ದುಡ್ಡು ಯಾರದ್ದು ಅಂತ ಹೇಳಿರಲಿಲ್ಲ.

ಅಂದಿನಿಂದ ಯಾವ ಕಾನೂನು ಓದಿದರೂ ಇದರಿಂದ ಈ ಪ್ರಾಣಿಯ ಮೈಗೆ ಇವತ್ತು ಏನು ಸಿಕ್ಕಿತು ಅಂತ ಹುಡುಕುತ್ತೇನೆ. ಕೋಳಿಗೆ ಪೋಸ್ಟ್‌ಕಾರ್ಡಿನಷ್ಟು ಜಾಗ ಸಿಕ್ಕಿತು. ಕರುವಿಗೆ ನಾಲೆ ಏರಿ ಸಿಕ್ಕಿತು. ಫ್ರಾನ್ಸಿಯೋನ್ ಅವರ ಮಾತು ಕೋಳಿಯ ವಿಷಯದಲ್ಲಿ ನನಗೆ ಒಪ್ಪಿಗೆಯಾಗಿಲ್ಲ, ಕರುವಿನ ವಿಷಯದಲ್ಲಿ ಸುಳ್ಳು ಅನ್ನೋಕೆ ಆಗುತ್ತಿಲ್ಲ.

ಇದನ್ನೆಲ್ಲ ಒಂದು ಸಂಜೆ ಚಿಕ್ಕಪ್ಪನಿಗೆ ಹೇಳಿದೆ. ಹಾಲಿನ ಕ್ಯಾನು ತೊಳೆಯುತ್ತಾ ಕೇಳಿಸಿಕೊಂಡರು. "ಗಂಡ್ಗರ ಯಾರು ಸಾಕ್ಬೇಕು ಅಂತ ಬರ್ದವ್ರಾ ಅದ್ರಲ್ಲಿ?"

"ಇಲ್ಲ ಚಿಕ್ಕಪ್ಪ."

"ಹಂಗಾದ್ರೆ ಮೊದ್ಲು ಅದ್ನ ಬರ್ಸವ್ವ. ಸಹಿ ನಾನೂ ಹಾಕ್ತೀನಿ."